ಪ್ರಾಕ್ಸೆಮಿಕ್ಸ್: ಬೆಳಕು ಅಳೆಯುವ ಅಂತರ

ಇಬ್ಬರು ಎದುರುಬದುರು ನಿಂತಾಗ ನಡುವೆ ಎಷ್ಟು ಜಾಗ ಬಿಟ್ಟುಕೊಳ್ಳುತ್ತಾರೆ, ಏಕೆ ಎಂಬುದರ ಅಧ್ಯಯನವೇ ಪ್ರಾಕ್ಸೆಮಿಕ್ಸ್. 1960ರ ದಶಕದಲ್ಲಿ ಈ ಪದವನ್ನು ಟಂಕಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್. ಸುಮಾರು 45 ಸೆಂ.ಮೀ. ಒಳಗೆ ಆಪ್ತ ವಲಯ, 1.2 ಮೀಟರ್‌ವರೆಗೆ ವೈಯಕ್ತಿಕ, 3.6 ಮೀಟರ್‌ವರೆಗೆ ಸಾಮಾಜಿಕ, ಅದರಾಚೆ ಸಾರ್ವಜನಿಕ ಎಂದು ಅವರ ವಿಂಗಡಣೆ. ಅವರು ಗಮನಿಸಿದ್ದು ಹೆಚ್ಚಾಗಿ ಅಮೆರಿಕದ ಮಧ್ಯಮವರ್ಗವನ್ನು. ಈ ಅಂಕಿಗಳು ಎಲ್ಲ ಕಡೆಗೂ ಹೊಂದುವುದಿಲ್ಲ.

ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 1 ಮೀಟರ್ ದೂರವಿರಿ ಎಂದಿತು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 6 ಅಡಿ ಎಂದಿತು. ಸಲುಗೆಯ ಅಳತೆಯೇ ಸೋಂಕಿನ ಅಳತೆಯಾಯಿತು. ಬೆಳಕಿನ ಕಲೆಯಲ್ಲೂ ಈ ದೂರ ಕಂಡಿತು: ಕಲಾವಿದ ರಫಾಯೆಲ್ ಲೊಜಾನೊ-ಹೆಮ್ಮರ್ ಅವರ 2006ರ ‘ಪಲ್ಸ್ ರೂಮ್’ನಲ್ಲಿ ಹಿಡಿಕೆ ಹಿಡಿದವರ ಎದೆಬಡಿತಕ್ಕೆ ಬಲ್ಬು ಮಿಡಿಯುತ್ತಿತ್ತು, 2021ರ ‘ಪಲ್ಸ್ ಟೊಪಾಲಜಿ’ಯಲ್ಲಿ ಮುಟ್ಟದೆಯೇ ನಾಡಿ ಓದುವ ಸೆನ್ಸರ್ ಬಂತು.

ಅಂತರವನ್ನೇ ಬೆಳಕಾಗಿಸುವ ಸರಳ ರಚನೆಗೆ 4 ಮೀಟರ್ ಉದ್ದದ ಓಣಿ ಸಾಕು. ಎರಡೂ ತುದಿಯಲ್ಲಿ ಎದೆಮಟ್ಟಕ್ಕೆ ಒಂದೊಂದು ಅಲ್ಟ್ರಾಸಾನಿಕ್ ಸೆನ್ಸರ್ (ಕಿವಿಗೆ ಕೇಳದ ಸದ್ದಿನ ಪ್ರತಿಧ್ವನಿಯಿಂದ ದೂರ ಅಳೆಯುವ ಸಾಧನ), ಒಳಮುಖವಾಗಿ. ಒಟ್ಟಿಗೆ ಚಾಲೂ ಮಾಡಿದರೆ ಒಂದರ ಸದ್ದು ಇನ್ನೊಂದಕ್ಕೆ ಕೇಳಿ ಅಳತೆ ಕೆಡುತ್ತದೆ. 60 ಮಿಲಿಸೆಕೆಂಡ್ ಬಿಟ್ಟು ಸರದಿಯಲ್ಲಿ ಓದಿಸಬೇಕು. ಉಣ್ಣೆಯಂಥ ಮೆತ್ತನೆಯ ಬಟ್ಟೆ ಸದ್ದನ್ನು ನುಂಗುವುದರಿಂದ ಮೂರು ಓದುಗಳ ನಡುವಿನದನ್ನು ಹಿಡಿಯುವುದು ಕ್ಷೇಮ.

4 ಮೀಟರಿನಿಂದ ಎರಡೂ ಓದುಗಳನ್ನು ಕಳೆದರೆ ಅಂತರ ಸಿಕ್ಕಿತು ಎನಿಸುತ್ತದೆ. ಇಲ್ಲ. ಸೆನ್ಸರ್‌ನ ಸದ್ದು ತಾಗುವುದು ಇಬ್ಬರ ಬೆನ್ನಿಗೆ, ಹಾಗಾಗಿ ಎರಡು ಮೈಗಳ ದಪ್ಪ, ಅಂದಾಜು 50 ಸೆಂ.ಮೀ., ಇನ್ನೂ ಕಳೆಯಬೇಕು. ಆಗ ಅಪ್ಪಿಕೊಂಡವರಿಗೆ ಸೊನ್ನೆ ಬರುತ್ತದೆ. ಒಬ್ಬರೇ ನಿಂತಿದ್ದರೆ? ಮೈನಸ್ 25! ಹಾಗಾಗಿ ಮೈನಸ್ ಬಂದರೆ ಇಬ್ಬರಿಲ್ಲವೆಂದು ಲೆಕ್ಕ. ಆದರೆ ಆ ಒಬ್ಬರು ಪಕ್ಕಕ್ಕೆ ತಿರುಗಿದರೆ ಭುಜದ ಅಗಲ ಸೇರಿ ಓದು ಸೊನ್ನೆಗೆ ಹತ್ತಿರವಾಗುತ್ತದೆ, ಬೆಳಕು ಅವರನ್ನು ಅಪ್ಪುಗೆಯೆಂದೇ ನಂಬುತ್ತದೆ. ಬಾಗಿಲಲ್ಲಿ ತಲೆಯೆಣಿಕೆ ಮಾಡದೆ ಇದಕ್ಕೆ ಪರಿಹಾರವಿಲ್ಲ.

ವೈಯಕ್ತಿಕ ವಲಯದ ಗಡಿಯಲ್ಲಿ ನಿಂತವರು ತುಸು ತೂಗಾಡಿದರೂ ದೀಪ ಮಿಣುಕುತ್ತದೆ. ಹತ್ತಿರ ಬರುವಾಗ 1.2 ಮೀಟರಿಗೆ ಹೊತ್ತಿಸಿ, ದೂರ ಸರಿಯುವಾಗ 1.4ಕ್ಕೆ ಆರಿಸಿ. ಹತ್ತಿರ ಬಂದವರಿಗೆ ಕೆಂಪು ಬಣ್ಣ ಮಾತ್ರ ಬೇಡ; ಅದು ಗದರುವ ಸಿಗ್ನಲ್ ಆಗಿಬಿಡುತ್ತದೆ. ಅಂದಹಾಗೆ, 5 ವೋಲ್ಟಿನ 300 ಎಲ್‌ಇಡಿ ಪಟ್ಟಿಗೆ ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ವೋಲ್ಟೇಜ್ ಇಳಿದು ದೂರದ ತುದಿಯ ಬಿಳಿ ತಾನಾಗೇ ಕೆಂಪಗಾಗುತ್ತದೆ. ಪೂರ್ಣ ಬಿಳಿಗೆ ಅದು ಎಳೆಯುವುದು ಸುಮಾರು 18 ಆಂಪಿಯರ್; ಎರಡೂ ತುದಿಯಿಂದ ಕೊಡಿ.