ಬ್ರಹ್ಮಕಮಲ: ಎಸಳಿನೊಳಗೆ ಇಣುಕಿ ನೋಡಿ

ಮಳೆಗಾಲದಲ್ಲಿ ‘ನಮ್ಮನೆ ಬ್ರಹ್ಮಕಮಲ ಅರಳಿತು’ ಎಂಬ ಚಿತ್ರಗಳು ವಾಟ್ಸ್‌ಆ್ಯಪ್ ತುಂಬ ಹರಿದಾಡುತ್ತವೆ. ರಾತ್ರಿ ಬಿರಿದು ಬೆಳಗಾಗುವಷ್ಟರಲ್ಲಿ ಬಾಡುವ ಬಿಳಿ ಹೂ ಅದು. ಅಕ್ಕಪಕ್ಕದವರನ್ನು ಕರೆದು ಆರತಿ ಎತ್ತುವ ಆ ಸಂಭ್ರಮ ನನಗೂ ಇಷ್ಟ. ಆದರೆ ಅದು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿ ಕುಟುಂಬದ ಗಿಡ, ಎಪಿಫಿಲಮ್ ಆಕ್ಸಿಪೆಟಲಮ್. ನಾವು ಎಲೆ ಅಂದುಕೊಳ್ಳುವುದು ಅದರ ಚಪ್ಪಟೆ ಕಾಂಡ. ಅದಕ್ಕೇ ಒಂದು ತುಂಡನ್ನು ಮಣ್ಣಿಗೆ ಊರಿದರೆ ಸಾಕು, ಬೇರು ಬಿಡುತ್ತದೆ.

ಹಿಮಾಲಯದ ಬ್ರಹ್ಮಕಮಲ ಬೇರೆಯೇ. ಉತ್ತರಾಖಂಡದ ರಾಜ್ಯಪುಷ್ಪವಾದ ಇದರ ವೈಜ್ಞಾನಿಕ ಹೆಸರು ಸಾಸ್ಯುರಿಯಾ ಆಬ್‌ವಲ್ಲಾಟಾ. ಕಮಲಕ್ಕೂ ಇದಕ್ಕೂ ನಂಟಿಲ್ಲ. ಸೇವಂತಿಗೆ, ಸೂರ್ಯಕಾಂತಿಗಳ ಬಳಗದ್ದು. ಮರಗಳು ಬೆಳೆಯಲಾರದಷ್ಟು ಎತ್ತರದಲ್ಲಿ, ಹೆಚ್ಚಾಗಿ 3,500ರಿಂದ 4,500 ಮೀಟರ್ ನಡುವೆ, ಬಂಡೆಗಳ ಸಂದಿನಲ್ಲಿ ಮತ್ತು ಹುಲ್ಲಿನ ಇಳಿಜಾರಿನಲ್ಲಿ ಇರುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೂವಿನ ಕಾಲ.

ಗುರುತಿಸುವಾಗ ಕಣ್ಣು ಮೋಸಹೋಗುವುದು ಆ ದೊಡ್ಡ, ತಿಳಿಹಳದಿ ‘ಎಸಳು’ಗಳಲ್ಲಿ. ಅವು ಎಸಳುಗಳೇ ಅಲ್ಲ. ಬೋಗನ್‌ವಿಲ್ಲಾದ ಬಣ್ಣದ ಕಾಗದದಂಥ ಭಾಗಗಳಂತೆ ಇವೂ ಮಾರ್ಪಟ್ಟ ಎಲೆಗಳು, ಅಂದರೆ ಪುಷ್ಪಪತ್ರಗಳು. ದೋಣಿಯ ಹಾಗೆ ಬಾಗಿ ಒಂದನ್ನೊಂದು ಅಪ್ಪಿಕೊಂಡಿರುತ್ತವೆ. ಬೆಳಕು ಹಾಯುವಷ್ಟು ತೆಳು. ನಿಜವಾದ ಹೂಗಳು ಒಳಗಿವೆ. ನೇರಳೆ ಬಣ್ಣದ ಪುಟ್ಟ ಪುಟ್ಟ ಹೂಗಳು ಒತ್ತಾಗಿ ಸೇರಿ ಒಂದು ಗೊಂಡೆ. ಅಂಥ ಹಲವು ಗೊಂಡೆಗಳ ಗೊಂಚಲು. ಪ್ರತಿ ಗೊಂಡೆಯ ಸುತ್ತ ಕಪ್ಪು ಅಂಚಿನ ಕಿರುಪತ್ರಗಳು. ಸೇವಂತಿಗೆಯಲ್ಲಿ ಕಾಣುವ ಪಟ್ಟಿಯಂಥ ಹೂಗಳು ಇಲ್ಲಿಲ್ಲ, ಎಲ್ಲವೂ ಕೊಳವೆಯಾಕಾರದವೇ. ಆ ಎತ್ತರದಲ್ಲಿ ಯಾವ ಗಳಿಗೆಯಲ್ಲಾದರೂ ಮಳೆ, ಆಲಿಕಲ್ಲು. ಬೆಳಕನ್ನು ಒಳಬಿಟ್ಟು ನೀರನ್ನು ಹೊರಗಿಡುವ ಈ ಹೊದಿಕೆಯೊಳಗೆ ಪರಾಗ ಒಣಗಿರುತ್ತದೆ. ಇಷ್ಟು ಸರಳವಾದ, ಇಷ್ಟು ಸೊಗಸಾದ ಏರ್ಪಾಡನ್ನು ನಾನು ಬೇರೆ ಹೂಗಳಲ್ಲಿ ಕಂಡದ್ದು ಕಡಿಮೆ.

ಬುಡವನ್ನೂ ನೋಡಬೇಕು. ಇದು ಬಹುವಾರ್ಷಿಕ ಸಸ್ಯ. ನೆಲದ ಮೇಲಿನ ಭಾಗ ಚಳಿಗಾಲದಲ್ಲಿ ಒಣಗಿದರೂ ದಪ್ಪ ಬೇರುಗಡ್ಡೆ ಹಿಮದಡಿ ಬದುಕಿರುತ್ತದೆ. ಹಿಂದಿನ ವರ್ಷಗಳ ಎಲೆತೊಟ್ಟುಗಳು ಕಪ್ಪಾಗಿ ಒಣಗಿ ಬುಡಕ್ಕೆ ಅಂಟಿಕೊಂಡಿರುತ್ತವೆ. ಹೊಸ ಎಲೆಗಳು ಉದ್ದ, ಅಂಚು ಹಲ್ಲುಹಲ್ಲು.

ಇನ್ನೂ ಮೇಲಕ್ಕೆ ಹೋದರೆ ಇದರದೇ ನೆಂಟ ಫೇನ್ ಕಮಲ ಸಿಗುತ್ತದೆ. ಅದಕ್ಕೆ ತಿಳಿಹಳದಿ ಹೊದಿಕೆ ಇಲ್ಲ. ಇಡೀ ಗಿಡವೇ ಬಿಳಿ ಉಣ್ಣೆಯ ಉಂಡೆ. ಹಾಗಾಗಿ ಇವೆರಡರಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಕೇದಾರನಾಥನಿಗೆ ಬ್ರಹ್ಮಕಮಲ ಅರ್ಪಿಸುವುದು ಹಳೆಯ ಪದ್ಧತಿ. ನಂದಾದೇವಿಯ ಹಬ್ಬವಾದ ನಂದಾಷ್ಟಮಿಗೆಂದು ಉತ್ತರಾಖಂಡದ ಗಡ್ವಾಲದ ಹಳ್ಳಿಯವರು ಎತ್ತರದ ಹುಲ್ಲುಗಾವಲುಗಳಿಂದ ಇದನ್ನು ತರುತ್ತಾರೆ. ಯಾತ್ರಿಕರು ಸಾವಿರಗಟ್ಟಲೆ ಬರುವ ದಾರಿಯಲ್ಲಿ ಕಂಡಕಂಡವರು ಕಿತ್ತರೆ ಮಾತು ಬೇರೆ. ಬೀಜ ಬಲಿಯುವ ಮುನ್ನ ದಂಟು ಮುರಿದರೆ, ಗಾಳಿಯಲ್ಲಿ ತೇಲಿಹೋಗಬೇಕಾದ ಗರಿಗಟ್ಟಿದ ಬೀಜಗಳು ಆ ವರ್ಷ ಹುಟ್ಟುವುದೇ ಇಲ್ಲ.

ಉತ್ತರಾಖಂಡದ ಘಾಂಘರಿಯಾ ಹಳ್ಳಿಯಿಂದ ಸಿಖ್ಖರ ಯಾತ್ರಾಸ್ಥಳ ಹೇಮಕುಂಡಕ್ಕೆ ಹತ್ತುವವರಿಗೆ ಕೊನೆಯ ಏರಿನಲ್ಲಿ ಇದು ದಾರಿಯ ಪಕ್ಕದಲ್ಲೇ ಕಾಣಸಿಗುತ್ತದೆ. ದಯವಿಟ್ಟು ಪತ್ರಗಳನ್ನು ಬಿಡಿಸಬೇಡಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬುಡದ ಎಲೆಗಳದ್ದೊಂದು ಚಿತ್ರ ತೆಗೆದುಕೊಂಡರೆ ಗುರುತಿಸಲು ಧಾರಾಳವಾಯಿತು.