ಲೋಕಲ್ ರೈಲಿನ ಸಂಕಟ, ಲೈಪ್‌ಜಿಗ್‌ನ ಗಡಿಯಾರ

ಡೊಂಬಿವಲಿ, ಠಾಣೆಗಳ ಕಡೆಯಿಂದ ಮುಂಬೈ ಮಾಟುಂಗಾದ ನನ್ನ ಕೋಣೆಗೆ ಬರುವ ಕನ್ನಡಿಗರಿಂದ ಒಂದು ದೂರನ್ನು ಮತ್ತೆ ಮತ್ತೆ ಕೇಳುತ್ತೇನೆ. ಬೆಳಗಿನ ಫಾಸ್ಟ್ ಲೋಕಲ್ ಎರಡು ನಿಲ್ದಾಣಗಳ ನಡುವೆ ನಿಂತುಬಿಟ್ಟರೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಇನ್ನೇನು ಪ್ರಾಣವೇ ಹೋಯಿತು ಎನ್ನಿಸುತ್ತದೆ. ಇಸಿಜಿ ಮಾಡಿಸಿದರೆ ಏನೂ ಇಲ್ಲ. ಏನಾಗುತ್ತದೆಂದು ಬಿಡಿಸಿ ಹೇಳಿ ಎಂದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: "ಸಂಕಟ, ಡಾಕ್ಟ್ರೇ." (ನಾನು ವೈದ್ಯೆಯಲ್ಲ, ಚಿಕಿತ್ಸಾ ಮನೋವಿಜ್ಞಾನಿ ಎಂದು ತಿದ್ದುವುದನ್ನು ಬಿಟ್ಟು ವರ್ಷಗಳಾದವು.) ಹೊಟ್ಟೆ ತೊಳಸಿದರೂ ಸಂಕಟ, ಮಗ ಮಾತು ಬಿಟ್ಟರೂ ಸಂಕಟ. ಈ ಶಬ್ದವನ್ನು ಇದ್ದಂತೆಯೇ ನಂಬಬೇಕೆ, ಬಿಡಿಸಿ ನೋಡಬೇಕೆ, ಅಥವಾ ಬದಿಗಿಟ್ಟು ಬೇರೆ ಏನನ್ನಾದರೂ ಗಮನಿಸಬೇಕೆ? ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರು ಹೊಡೆಯುವ ಮನೋವಿಜ್ಞಾನದ ಆರಂಭಿಕ ಪಂಥಗಳೆಲ್ಲ, ನನ್ನ ಓದಿನ ಮಟ್ಟಿಗೆ, ಈ ಒಂದು ಪ್ರಶ್ನೆಯ ಸುತ್ತ ನಡೆದ ಜಗಳಗಳು.

ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದ 1879ನ್ನು ಪಠ್ಯಪುಸ್ತಕಗಳು ಈ ವಿಜ್ಞಾನದ ಜನ್ಮವರ್ಷವೆನ್ನುತ್ತವೆ. ಆದರೆ ಜಗಳದ ಬೀಜ ಅದಕ್ಕೂ ಹಿಂದೆ, ಗ್ರೀನಿಚ್ ವೀಕ್ಷಣಾಲಯದಲ್ಲಿ ಬಿದ್ದಿತ್ತು. ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಸಹಾಯಕ ಕಿನ್ನೆಬ್ರೂಕ್ ತನಗಿಂತ ಸುಮಾರು 0.8 ಸೆಕೆಂಡು ತಡವಾಗಿ ಗುರುತಿಸುತ್ತಾನೆಂದು ಮುಖ್ಯಸ್ಥ ಮ್ಯಾಸ್ಕೆಲಿನ್ 1796ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿದ. ಅತ್ಯಂತ ನುರಿತ ಖಗೋಳಜ್ಞರ ನಡುವೆಯೂ ಇಂಥ ಅಂತರ ಇದ್ದೇ ಇರುತ್ತದೆ ಎಂದು ಮುಂದೆ ಜರ್ಮನ್ ಖಗೋಳಜ್ಞ ಬೆಸೆಲ್ ತೋರಿಸಿಕೊಟ್ಟಾಗ, ತಪ್ಪು ಆ ಸಹಾಯಕನ ಅಜಾಗರೂಕತೆಯದಲ್ಲ, ಕಂಡದ್ದನ್ನು ಕಂಡೆನೆಂದು ಹೇಳುವುದಕ್ಕೆ ಪ್ರತಿಯೊಬ್ಬನೂ ತೆಗೆದುಕೊಳ್ಳುವ ಕಾಲವೇ ಬೇರೆ ಬೇರೆ ಎಂಬುದು ಸ್ಪಷ್ಟವಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನ್ ಶರೀರವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 27 ಮೀಟರ್ ವೇಗದಲ್ಲಿ ಮಾತ್ರ ಸಾಗುತ್ತದೆಂದು ಅಳೆದು ತೋರಿಸಿದ ಮೇಲಂತೂ, ಮನಸ್ಸಿನ ವ್ಯಾಪಾರಕ್ಕೂ ಗಡಿಯಾರ ಹಿಡಿಯಬಹುದೆಂಬ ಧೈರ್ಯ ಬಂದಿತು.

ವುಂಟ್ ಹಿಡಿದದ್ದು ಆ ಗಡಿಯಾರವನ್ನೇ, ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನು ಅಳೆಯುವ ಕಾಲಮಾಪಕವನ್ನು. ಅವನ ಅಂತರವಲೋಕನವನ್ನು, ಅಂದರೆ ತನ್ನ ಅನುಭವವನ್ನು ತಾನೇ ಗಮನಿಸಿ ಹೇಳುವ ವಿಧಾನವನ್ನು, ಕಣ್ಣು ಮುಚ್ಚಿ ಕುಳಿತು ತನ್ನೊಳಗನ್ನು ವರ್ಣಿಸುವ ಧ್ಯಾನವೆಂದು ಭಾವಿಸುವುದು ಸರಿಯಲ್ಲ. ಈ ಎರಡು ದನಿಗಳಲ್ಲಿ ಯಾವುದು ಜೋರು, ಯಾವುದು ಮೊದಲು ಎಂಬಂಥ, ಮತ್ತೆ ಮತ್ತೆ ಪರೀಕ್ಷಿಸಬಹುದಾದ ಚಿಕ್ಕ ಉತ್ತರಗಳನ್ನಷ್ಟೇ ಆತ ಬಹುಮಟ್ಟಿಗೆ ನಂಬುತ್ತಿದ್ದ. ಭಾಷೆ, ಪುರಾಣ, ಆಚಾರಗಳು ಪ್ರಯೋಗಾಲಯದ ಕೈಗೆ ಸಿಗುವಂಥವಲ್ಲವೆಂದು ಆತನೇ ಒಪ್ಪಿ, ಅವುಗಳಿಗಾಗಿ ಹತ್ತು ಸಂಪುಟಗಳನ್ನು ಬೇರೆಯಾಗಿ ಬರೆದನೆಂಬುದು ನಮ್ಮ ತರಗತಿಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಕಟ್ಟುನಿಟ್ಟು ಅತಿಯಾದದ್ದು ಅವನ ಶಿಷ್ಯ ಟಿಚನರ್‌ನಲ್ಲಿ. 1892ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದ ಈತ ಅನುಭವವನ್ನು ಸಂವೇದನೆಗಳ ಘಟಕಗಳಾಗಿ ಒಡೆಯಬೇಕೆಂದು ಹಟ ಹಿಡಿದು ರಚನಾವಾದವನ್ನು ಕಟ್ಟಿದ. ಸೇಬನ್ನು ನೋಡಿ "ಸೇಬು" ಎನ್ನುವುದು ಅವನ ಶಾಲೆಯಲ್ಲಿ ತಪ್ಪು. ಕೆಂಪು, ಹೊಳಪು, ಗುಂಡು ಎನ್ನಬೇಕು. ಕೇಳಲು ವಿಚಿತ್ರವೆನಿಸಿದರೂ ನನ್ನ ಮೊದಲ ಭೇಟಿಯ ಅರ್ಧ ಕೆಲಸ ಇದೇ. ಸಂಕಟವೆಂದವರನ್ನು ಎಲ್ಲಿ, ಹೇಗೆ ಎಂದು ಕೇಳುತ್ತ ಹೋದರೆ ಗಂಟಲಿನ ಬಿಗಿ, ತಣ್ಣಗಾದ ಅಂಗೈ, ಕಾಲಿನ ನಡುಕ ಒಂದೊಂದಾಗಿ ಹೊರಬರುತ್ತವೆ, ಮತ್ತು ಹೆಸರಿಟ್ಟು ಹೇಳಿದ ಮಾತ್ರಕ್ಕೇ ಅವುಗಳ ಭೀಕರತೆ ಸ್ವಲ್ಪ ಇಳಿಯುವುದುಂಟು. ಎದೆ ಹೊಡೆದುಕೊಳ್ಳುವುದು ಭಯದ ಪರಿಣಾಮವಲ್ಲ, ದೇಹದ ಆ ಬದಲಾವಣೆಯ ಅನುಭವವೇ ಭಯ ಎಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದ್ದ. ಆ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲವಾದರೂ, ಎದೆಬಡಿತವನ್ನೇ ಸಾವಿನ ಮುನ್ಸೂಚನೆಯೆಂದು ಓದಿಕೊಂಡು ಇನ್ನಷ್ಟು ಹೆದರುವವರನ್ನು ಕಂಡಾಗಲೆಲ್ಲ ಜೇಮ್ಸ್ ನೆನಪಾಗುತ್ತಾನೆ.

ಟಿಚನರ್‌ನ ದಾರಿ ಕುಸಿದದ್ದು ಮನೆಜಗಳದಿಂದ. ವುಂಟ್‌ನ ಇನ್ನೊಬ್ಬ ಶಿಷ್ಯ ಕ್ಯುಲ್ಪೆಯ ವ್ಯೂರ್ತ್ಸ್‌ಬರ್ಗ್ ಪ್ರಯೋಗಾಲಯದವರು, ಯಾವ ಬಿಂಬವೂ ಸಂವೇದನೆಯೂ ಇಲ್ಲದ ಶುದ್ಧ ಆಲೋಚನೆ ಇದೆಯೆಂದರು; ಕಾರ್ನೆಲ್‌ನವರು, ಸರಿಯಾಗಿ ನೋಡಿದರೆ ಸಂವೇದನೆ ಇದ್ದೇ ಇರುತ್ತದೆಂದರು. ಒಬ್ಬರ ಒಳಗಣ್ಣಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದಿದ್ದರೆ ತೀರ್ಪು ಕೊಡುವವರು ಯಾರು? ಗ್ರೀನಿಚ್‌ನಲ್ಲಿ ಕಡೆಗೆ ಹೋಲಿಸಿ ನೋಡಲು ಒಂದು ನಕ್ಷತ್ರವಾದರೂ ಇತ್ತು.

1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಈ ವ್ಯಾಜ್ಯವನ್ನೇ ನ್ಯಾಯಾಲಯದಿಂದ ಹೊರಹಾಕಿದ: ಒಳಗಿನದನ್ನು ಬಿಡಿ, ವರ್ತನೆಯನ್ನು ನೋಡಿ. ಇದೇ ವರ್ತನಾವಾದ. 1920ರಲ್ಲಿ ಆತ ಮತ್ತು ರೋಸಲಿ ರೇನರ್, ಆಲ್ಬರ್ಟ್ ಎಂದು ಕರೆದ ಹನ್ನೊಂದು ತಿಂಗಳ ಮಗುವಿಗೆ ಬಿಳಿ ಇಲಿಯನ್ನು ತೋರಿಸಿದಾಗಲೆಲ್ಲ ಬೆನ್ನ ಹಿಂದೆ ಉಕ್ಕಿನ ಸರಳನ್ನು ಬಡಿದು, ಇಲಿಯನ್ನು ಕಂಡರೇ ಅಳುವಂತೆ ಮಾಡಿದರು. ಆ ಭಯವನ್ನು ತೆಗೆಯದೆಯೇ ಮಗುವನ್ನು ಕಳುಹಿಸಿದ್ದು ಈ ವಿಜ್ಞಾನದ ಚರಿತ್ರೆಯ ನಾಚಿಕೆಗೇಡಿನ ಪುಟ. ನನ್ನಂಥವರು ಋಣಿಗಳಾಗಿರುವುದು ಮೇರಿ ಕವರ್ ಜೋನ್ಸ್‌ಗೆ. ಮೊಲವೆಂದರೆ ನಡುಗುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ, ಪಂಜರವನ್ನು ದಿನದಿಂದ ದಿನಕ್ಕೆ ಹತ್ತಿರ ತಂದು, ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡುವಂತೆ ಮಾಡಿದ್ದನ್ನು ಆಕೆ 1924ರಲ್ಲಿ ಪ್ರಕಟಿಸಿದರು. ಮಧ್ಯಾಹ್ನದ ಖಾಲಿ ಸ್ಲೋ ಲೋಕಲ್‌ನಲ್ಲಿ ಮಾಟುಂಗಾದಿಂದ ದಾದರ್‌ಗೆ ಒಂದೇ ನಿಲ್ದಾಣ, ಮುಂದಿನ ವಾರ ಇತ್ತ ಕುರ್ಲಾದವರೆಗೆ, ಆಮೇಲೆ ಗದ್ದಲದ ಹೊತ್ತಿನ ಗಾಡಿ ಎಂದು ನಾವು ಹಾಕಿಕೊಡುವ ಮೆಟ್ಟಿಲುಗಳು ಆ ಪಂಜರದ ವಂಶದವೇ. ಹೆದರಿ ನಡುವೆ ಇಳಿದುಬಿಟ್ಟರೆ ಸಿಗುವ ನೆಮ್ಮದಿಯೇ ಭಯವನ್ನು ಸಾಕುತ್ತದೆ ಎಂಬ ತಿಳಿವಳಿಕೆಯೂ ವರ್ತನಾವಾದಿಗಳು ಕೊಟ್ಟದ್ದೇ.

ವಾಟ್ಸನ್ ಬಾಗಿಲು ಮುಚ್ಚುವ ಹೊತ್ತಿಗೆ ಜರ್ಮನಿಯಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1910ರಲ್ಲಿ ರೈಲಿನಲ್ಲಿ ಹೋಗುತ್ತಿದ್ದ ಮ್ಯಾಕ್ಸ್ ವರ್ತ್‌ಹೈಮರ್‌ಗೆ ಏನೋ ಹೊಳೆದು, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಚಿತ್ರಗಳು ಚಲಿಸುವಂತೆ ತೋರುವ ಆಟಿಕೆಯೊಂದನ್ನು ಕೊಂಡನೆಂದು ಹೇಳುತ್ತಾರೆ. ಎರಡು ಬೆಳಕುಗಳನ್ನು ಸುಮಾರು 60 ಮಿಲಿಸೆಕೆಂಡು ಅಂತರದಲ್ಲಿ ಬೆಳಗಿಸಿದರೆ ಕಣ್ಣಿಗೆ ಕಾಣುವುದು ಎರಡು ಬೆಳಕುಗಳಲ್ಲ, ಒಂದು ಚಲನೆ ಎಂಬ 1912ರ ಅವನ ಲೇಖನದಿಂದ, ಬಿಡಿ ಚೂರುಗಳಿಗಿಂತ ಇಡಿಯೇ ಮುಖ್ಯವೆನ್ನುವ ಗೆಸ್ಟಾಲ್ಟ್ ಪಂಥ ಹುಟ್ಟಿತು. ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ ಓಡುವ ಅಕ್ಷರಗಳನ್ನು ನೋಡಿ. ಅಲ್ಲಿ ಯಾವ ದೀಪವೂ ಕದಲುವುದಿಲ್ಲ. ಟಿಚನರ್‌ನಂತೆ ಒಡೆದರೆ ಆ ಓಟ ಯಾವ ಚೂರಿನಲ್ಲೂ ಸಿಗದು.

ಈ ಲೈಪ್‌ಜಿಗ್ ನಮಗೆ ದೂರದ್ದೂ ಅಲ್ಲ. ಅಲ್ಲಿ ಡಾಕ್ಟರೇಟ್ ಪಡೆದ ಇಂಗ್ಲಿಷ್ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಕಲಿತ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಖಾಸಗಿ ರೇಡಿಯೊ ಕೇಂದ್ರವನ್ನು ಆರಂಭಿಸಿದವರೂ ಅವರೇ.

ಹೇಳಿದ ಮಾತಿನ ಕೆಳಗೆ ಹೇಳದ ಮಾತೊಂದಿದೆ ಎಂದ ಫ್ರಾಯ್ಡ್‌ನ ಪ್ರಶ್ನೆಗಳನ್ನು ನಾನು ತಡವಾಗಿ ಕೇಳುತ್ತೇನೆ, ಎಷ್ಟೋ ಜನರ ವಿಷಯದಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಆದರೆ ರೈಲಿಗೆ ಹೆದರುವವರು ನಾಚಿಕೊಂಡಾಗ ಅವನ ಕಥೆಯನ್ನೇ ಹೇಳುತ್ತೇನೆ. ಮೂರು ವರ್ಷದವನಾಗಿದ್ದಾಗ ಮನೆಯವರೊಡನೆ ಲೈಪ್‌ಜಿಗ್‌ಗೆ ಹೋಗುವ ದಾರಿಯಲ್ಲಿ, ಬ್ರೆಸ್ಲಾವ್ ನಿಲ್ದಾಣದ ಗ್ಯಾಸ್ ದೀಪಗಳನ್ನು ಕಂಡು ನರಕದಲ್ಲಿ ಉರಿಯುವ ಆತ್ಮಗಳೆಂದುಕೊಂಡದ್ದನ್ನೂ, ತನ್ನ ಪ್ರಯಾಣದ ಭಯಕ್ಕೆ ಅದರೊಡನೆ ನಂಟಿರುವುದನ್ನೂ ಆತ 1897ರಲ್ಲಿ ಗೆಳೆಯ ಫ್ಲೀಸ್‌ಗೆ ಬರೆದಿದ್ದ. ಆ ಭಯವನ್ನು ಈಗ ಗೆದ್ದಿದ್ದೇನೆಂದೂ ಬರೆದಿದ್ದ. ಆಮೇಲೂ ಗಾಡಿ ಹಿಡಿಯಲು ಮಾತ್ರ ನಿಲ್ದಾಣಕ್ಕೆ ಬಹಳ ಮುಂಚೆಯೇ ಹೋಗಿ ಕಾಯುತ್ತಿದ್ದ.