ನೀರನ್ನು ಮೇಲೇರಿಸುವುದು ಪಂಪಲ್ಲ, ವಾತಾವರಣ

ಪಂಪು ನೀರನ್ನು ಹೀರುತ್ತದೆ ಎನ್ನುತ್ತೇವೆ. ಹೈಡ್ರಾಲಿಕ್ಸ್ ಓದುವವರು ಈ ಮಾತನ್ನು ಮೊದಲು ಬಿಡಬೇಕು. ಪಂಪು ತನ್ನ ಬಾಯಿಯಲ್ಲಿ ಒತ್ತಡ ತಗ್ಗಿಸುತ್ತದೆ, ಅಷ್ಟೇ. ನೀರನ್ನು ಅಲ್ಲಿಗೆ ದೂಡುವುದು ತೊಟ್ಟಿಯ ಮೇಲಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು 101.3 ಕಿಲೋಪಾಸ್ಕಲ್, ಅಂದರೆ 10.33 ಮೀಟರ್ ನೀರಿನ ಹೆಡ್ (ಅಷ್ಟು ಎತ್ತರದ ನೀರಿನ ಕಂಬದ ಒತ್ತಡ). ಸಕ್ಷನ್ ಬದಿಯ, ಅಂದರೆ ತೊಟ್ಟಿಯಿಂದ ಪಂಪಿನವರೆಗಿನ, ಖರ್ಚೆಲ್ಲ ಇದರೊಳಗೇ ಮುಗಿಯಬೇಕು. ಹಾಗಾಗಿ ಇಲ್ಲಿ ವಾತಾವರಣವನ್ನು ಸೊನ್ನೆ ಎಂದೆಣಿಸುವ ಗೇಜ್ ಒತ್ತಡ ಬೇಡ, ನಿರ್ವಾತದಿಂದ ಎಣಿಸುವ ನಿರಪೇಕ್ಷ ಒತ್ತಡದಲ್ಲೇ ಲೆಕ್ಕ ಹಾಕಿ.

ಸೆಕೆಂಡಿಗೆ 5 ಲೀಟರ್ ಹರಿವು, 50 ಮಿ.ಮೀ. ಒಳವ್ಯಾಸದ 10 ಮೀಟರ್ ಪೈಪು, ನೀರಿನ ಮಟ್ಟದಿಂದ 4 ಮೀಟರ್ ಮೇಲೆ ಪಂಪು ಎಂದಿಟ್ಟುಕೊಳ್ಳಿ. ವೇಗ 2.55 ಮೀ/ಸೆ., ವೇಗದ ಹೆಡ್ (ಹರಿವಿನ ಚಲನಶಕ್ತಿಯನ್ನು ಎತ್ತರವಾಗಿ ಹೇಳಿದ್ದು) 0.33 ಮೀ. ಪೈಪಿನ ಘರ್ಷಣೆ ಎಷ್ಟೆಂದು ಹೇಳುವ ಡಾರ್ಸಿ ಘರ್ಷಣಾಂಕ 0.02 ಆದರೆ ಘರ್ಷಣೆಗೆ 1.32 ಮೀ. ಹೋಗುತ್ತದೆ. ಫುಟ್ ವಾಲ್ವ್ (ಪೈಪಿನ ತುದಿಯಲ್ಲಿ ನೀರೊಳಗಿರುವ ಕವಾಟ), ಬೆಂಡುಗಳ ನಷ್ಟಾಂಕ ಒಟ್ಟು 3 ಎಂದರೆ ಇನ್ನೊಂದು 0.99 ಮೀ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿ ಒತ್ತಡ (ಇದಕ್ಕಿಂತ ತಗ್ಗಿದರೆ ನೀರು ಕುದಿಯುತ್ತದೆ) 0.24 ಮೀ. 10.33ರಿಂದ 4 ಮೀ. ಎತ್ತರ, ಎರಡು ನಷ್ಟ, ಆವಿ ಒತ್ತಡ ಕಳೆದರೆ ಉಳಿಯುವ ಎನ್‌ಪಿಎಸ್‌ಎಚ್ (ನೆಟ್ ಪಾಸಿಟಿವ್ ಸಕ್ಷನ್ ಹೆಡ್, ಅಂದರೆ ಕುದಿಯುವ ಮಟ್ಟಕ್ಕಿಂತ ಮೇಲೆ ಉಳಿದ ಹೆಡ್) 3.78 ಮೀ. ವೇಗದ ಹೆಡ್ಡನ್ನು ಇಲ್ಲಿ ಕಳೆಯಬಾರದು. ಅದು ಇಂಪೆಲರ್‌ಗೆ (ಪಂಪಿನೊಳಗೆ ತಿರುಗುವ ಅಲಗುಚಕ್ರಕ್ಕೆ) ತಲುಪುವ ಶಕ್ತಿಯ ಭಾಗವೇ. ಬಹಳ ಮಂದಿ ಎಡವುವುದು ಈ ಹೆಜ್ಜೆಯಲ್ಲಿ.

ಪಂಪಿಗೆ 4 ಮೀ. ಬೇಕಿದ್ದರೆ ಇದು ಸಾಲದು. ಇಂಪೆಲರ್ ಅಲಗುಗಳ ಬುಡದಲ್ಲಿ ನೀರು ಕುದ್ದು ಗುಳ್ಳೆಯಾಗುತ್ತದೆ, ಮುಂದೆ ಒತ್ತಡ ಏರಿದಲ್ಲಿ ಆ ಗುಳ್ಳೆ ಒಳಕ್ಕೆ ಕುಸಿದು ಲೋಹವನ್ನು ಕಿತ್ತು ತಿನ್ನುತ್ತದೆ. ಹೊರಗೆ ಕೇಳುವುದು ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು.

ಅದೇ ಪೈಪನ್ನು 80 ಮಿ.ಮೀ. ಮಾಡಿ ನೋಡಿ: ಎರಡೂ ನಷ್ಟ ಸೇರಿ 0.28 ಮೀ. ಮಾತ್ರ, ಎನ್‌ಪಿಎಸ್‌ಎಚ್ 5.81 ಮೀ. ಹರಿವು, ಘರ್ಷಣಾಂಕ ಬದಲಾಗದಿದ್ದರೆ ಘರ್ಷಣೆಯ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಇದನ್ನು ಕೈಯಾರೆ ಒಮ್ಮೆ ಲೆಕ್ಕ ಮಾಡಿದವರಿಗೆ ಸೂತ್ರ ಮರೆಯುವುದಿಲ್ಲ.

ಘರ್ಷಣಾಂಕದ ವಿಷಯದಲ್ಲಿ ಒಂದು ಎಚ್ಚರ. ಕೆಲವು ಪುಸ್ತಕಗಳ ಸೂತ್ರದಲ್ಲಿ 4 ಬೇರೆಯಾಗಿ ನಿಂತಿರುತ್ತದೆ. ಅಲ್ಲಿರುವುದು ಫ್ಯಾನಿಂಗ್ ಘರ್ಷಣಾಂಕ, ಡಾರ್ಸಿಯದರ ಕಾಲು ಭಾಗ. ಲ್ಯಾಮಿನಾರ್ (ಸುಳಿಯಿಲ್ಲದೆ ಪದರ ಪದರವಾಗಿ ಸಾಗುವ) ಹರಿವಿಗೆ ಪುಸ್ತಕ ಏನು ಹೇಳುತ್ತದೆ ನೋಡಿ: 64 ಭಾಗಿಸು ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) ಎಂದಿದ್ದರೆ ಡಾರ್ಸಿ, 64ರ ಬದಲು 16 ಎಂದಿದ್ದರೆ ಫ್ಯಾನಿಂಗ್.

ಆ ಜಲ್ಲಿಕಲ್ಲಿನ ಸದ್ದು ಬಂದಾಗ ಸಕ್ಷನ್ ವಾಲ್ವ್ ಮುಚ್ಚಬೇಡಿ, ನಷ್ಟ ಇನ್ನೂ ಹೆಚ್ಚುತ್ತದೆ. ನೀರು ಹೊರಹೋಗುವ ಬದಿಯ ಡೆಲಿವರಿ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ. ಹರಿವು ತಗ್ಗಿದಂತೆ ಸಕ್ಷನ್ ನಷ್ಟವೂ ಪಂಪು ಕೇಳುವ ಎನ್‌ಪಿಎಸ್‌ಎಚ್ ಕೂಡ ಇಳಿಯುತ್ತವೆ.